ಮುಖ ನೋಡಿದ್ರಾ?

ಬೊಂಬೆಯ ಮೇಲ್ದುಟಿಯ ಎಡ ಮೂಲೆಗೆ ಉಪ್ಪುಕಾಗದ ತಿಕ್ಕುತ್ತಿದ್ದ ವನಜಾಕ್ಷಿ ಕೈ ನಿಲ್ಲಿಸಿ, "ಯಾರ್ದು ಫೋನು?" ಎಂದು ಕೇಳಿದಳು.

"ಪ್ರಭುದೇವಣ್ಣಂದು" ಎಂದ ಅವಳ ಗಂಡ ಅಂಜಿನಮೂರ್ತಿ ಶೆಡ್ಡಿನಿಂದ ಹೊರಗೆ ನಡೆದ.

ಒಳಗೆ ಬಿಸಿ ತಂತಿಯಲ್ಲಿ ಕೊಯ್ದ ಥರ್ಮೊಕೋಲಿನ ಸುಟ್ಟ ವಾಸನೆ ತುಂಬಿತ್ತು. ಎರಡು ಲಾರಿ ಟೈರುಗಳ ಮೇಲೆ ಅಂಗಾತ ಮಲಗಿಸಿದ್ದ ಹೆಣ್ಣಿನ ತಲೆ ವನಜಾಕ್ಷಿಯ ಸೊಂಟದ ಮಟ್ಟಕ್ಕಿತ್ತು. ಮುಂಡ, ತೋಳು, ಕಾಲುಗಳು ಬಿಡಿಬಿಡಿಯಾಗಿ ಗೋಡೆಗೆ ಒರಗಿದ್ದವು. ತೋವಿನಕೆರೆಯಿಂದ ಕೊರಟಗೆರೆಗೆ ಹೋಗುವ ರಸ್ತೆ ಬದಿಯ ಈ ಶೆಡ್ಡು ಹಿಂದೆ ಕುರಿ ರೊಪ್ಪವಾಗಿತ್ತು. ಮಳೆ ಬಂದ ದಿನ ನೆಲದಿಂದ ಈಗಲೂ ಹಿಕ್ಕೆಯ ವಾಸನೆ ಏಳುತ್ತಿತ್ತು.

"ಮೂರ್ತಿ, ಗೇಮ್ ಕಂಪ್ನಿಯೋರು ಈ ಸಲ ಬರಲ್ವಂತೆ" ಎಂದ ಪ್ರಭುದೇವ್. ಕೊರಟಗೆರೆಯವನೇ ಆದ ಅವನಿಗೆ ಬೆಂಗಳೂರಿನಲ್ಲಿ ಮದುವೆ ಮಂಟಪ, ವಸ್ತು ಪ್ರದರ್ಶನಗಳಿಗೆ ಸೆಟ್ಟು ಹಾಕುವ ಕೆಲಸ. "ಎಕ್ಸ್‌ಪೋನಲ್ಲಿ ಸ್ಟಾಲೇ ಬ್ಯಾಡ ಅಂದ್ಬುಟ್ಟವ್ರೆ. ಹೊಸ ಗೇಮು ಏನಿದ್ರೂ ಇನ್ಮೇಲೆ ಯೂಟ್ಯೂಬಲ್ಲೇ ತೋರುಸ್ತಾರಂತೆ. ಜನ ಅಲ್ಲೇ ಅವ್ರೆ, ನಾವು ಎಕ್ಸ್‌ಪೋ ಹಾಲಿಗೆ ಯಾಕ್ ಬರ್ಬೇಕು ಅಂತಾರೆ."

"ಬೊಂಬೆ ಮುಗ್ದೈತಲ್ಲಣ್ಣ. ಮುಖದ್ದು ಒಂಚೂರು ಬಾಕಿ."

"ನಿನ್ನ ದುಡ್ಡಿಗೇನೂ ತೊಂದ್ರೆ ಇಲ್ಲ, ಈಸ್ಕಂಡಿದೀನಿ. ಬೊಂಬೆ ಬ್ಯಾಡ, ಅಷ್ಟೆ."

"ದುಡ್ಡಿನ ಮಾತಲ್ಲಣ್ಣ." ಅಂಜಿನಮೂರ್ತಿ ಶೆಡ್ಡಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವನಜಾನ ಈ ಸಲ ಕರ್ಕಂಡ್ ಬತ್ತೀನಿ ಅಂದಿದ್ದೆ. ಸೀರೆ ಯಾವ್ದು ಅಂತ ಆಗ್ಲೇ ತೆಗ್ದಿಟ್ಕಂಡವ್ಳೆ."

ಪ್ರಭುದೇವ್, "ಜಾಗಕ್ಕೇನು ಬರ ಇಲ್ಲ ಬುಡು" ಎಂದ. "ಮೂರು ಹಾಲಿದ್ದಿದ್ದು ಒಂದಕ್ಕೆ ಬಂದೈತೆ, ಅದೂ ತುಂಬ್ತಿಲ್ಲ. ಖಾಲಿ ಕಾಣ್ಬಾರ್ದು ಅಂತ ಮೇಳದೋರು ಬಾಡಿಗೆಗೆ ಹೂವಿನ ಕುಂಡ ತರ್ಸಿ ಇಡ್ತಾವ್ರೆ. ಕೇಳಿ ನೋಡ್ತೀನಿ. ಆದ್ರೆ ಕಂಪ್ನಿ ಗುರುತು ಒಂದೂ ಇರಂಗಿಲ್ಲ, ತಿಳೀತಾ? ಕಿರೀಟ, ಕೊಂಬು, ಎದೆ ಪಟ್ಟಿ, ಕತ್ತಿ, ಎಲ್ಲಾ ತೆಗೀಬೇಕು."

"ತೆಗೀತೀನಣ್ಣ."

ಒಳಗೆ ಬಂದಾಗ ವನಜಾಕ್ಷಿ, "ಏನಂತೆ?" ಎಂದಳು.

"ಲಾರಿ ಶನಿವಾರ ಬತ್ತದಂತೆ."

ಅವಳು ತಲೆಯಾಡಿಸಿ ಮತ್ತೆ ತುಟಿಯ ಮೂಲೆಗೆ ಬಾಗಿದಳು.

*

ಅಂಜಿನಮೂರ್ತಿ ಹರೆಯದಲ್ಲಿ ಕುರಿ ಹಿಂದೆ ಓಡಾಡಿದವನು. ಮಂದೆ ಮಾರಿದ ಮೇಲೆ ತುಮಕೂರಿನಲ್ಲಿ ಸೆಟ್ಟು ಕಟ್ಟುವವರ ಜತೆ ಕೂಲಿಗೆ ಹೋಗಿ ಥರ್ಮೊಕೋಲಿನ ಕೆಲಸ ಕಲಿತ. ಅವನಿಗೆ ಮೈಕಟ್ಟು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಕೆತ್ತಿದ ದ್ವಾರಪಾಲಕನನ್ನು ನೋಡಿ ವನಜಾಕ್ಷಿ, "ಇದೇನು ಸೋರೆಬುರುಡೇನಾ?" ಎಂದು ನಕ್ಕು ಚಾಕು ಕಿತ್ತುಕೊಂಡಿದ್ದಳು. ಅವಳ ತವರು ಪಾವಗಡದ ಕಡೆಯ ನಿಡುಗಲ್. ಕೆತ್ತುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಂದಿನಿಂದ ಮೈ ಅವನದು, ಮುಖ ಅವಳದು ಎಂದಾಯಿತು.

ವರ್ಷಕ್ಕೊಮ್ಮೆ ಬೆಂಗಳೂರಿನ ವಿಡಿಯೊ ಗೇಮ್ ಮೇಳಕ್ಕೆ ಒಂದು ದೊಡ್ಡ ಬೊಂಬೆ ಮಾಡಿಕೊಡುವ ಕೆಲಸವನ್ನು ಪ್ರಭುದೇವ್ ಹಿಡಿದುಕೊಟ್ಟಿದ್ದ. ಕಂಪನಿಯವರು ಚಿತ್ರ ಕಳಿಸುತ್ತಿದ್ದರು. ಒಂದು ವರ್ಷ ರಾಣಿ, ಒಂದು ವರ್ಷ ರಕ್ಕಸಿ, ಇನ್ನೊಂದು ವರ್ಷ ಬಾಣ ಹಿಡಿದ ಬೇಟೆಗಾರ್ತಿ. ಕಿರೀಟ, ಆಯುಧಗಳನ್ನು ಕಂಪನಿಯವರೇ ಬೇರೆ ಕಡೆ ಮಾಡಿಸಿ ಕಳಿಸುತ್ತಿದ್ದರು.

ಮೊದಲ ಬೊಂಬೆಯ ವರ್ಷವೇ ಅಂಜಿನಮೂರ್ತಿಯ ತಾಯಿ ಹೊನ್ನಕ್ಕನಿಗೆ ಲಕ್ವ ಹೊಡೆಯಿತು. ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲು ಹಿಡಿದು, ಮಂದೆಯ ಹಿಂದೆ ಶಿರಾ ಸೀಮೆಯವರೆಗೂ ನಡೆದು ಹೋಗುತ್ತಿದ್ದ ಹೆಂಗಸು ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ. ಬಾಯಿ ಎಡಕ್ಕೆ ಎಳೆದುಕೊಂಡಿತು. ಶೆಡ್ಡಿಗೆ ಎದುರಾಗಿ ಇದ್ದ ಕೋಣೆಯಲ್ಲಿ ಅವಳನ್ನು ಮಲಗಿಸಿದರು. ಕೆಲಸ ಮಾಡುತ್ತಲೇ ಕಣ್ಣಿಡಲು ಆಗಲಿ ಎಂದು ವನಜಾಕ್ಷಿ ಆ ಕೋಣೆಯ ಬಾಗಿಲನ್ನು ತೆರೆದೇ ಇಡುತ್ತಿದ್ದಳು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಒರೆಸುವುದು, ಬೆನ್ನಿಗೆ ಪೌಡರು ಹಾಕುವುದು ಎಲ್ಲವೂ ಅವಳ ಪಾಲಿಗಿತ್ತು. ಮಾತು ನಿಂತುಹೋಗಿದ್ದರೂ ಹೊನ್ನಕ್ಕ ಕಣ್ಣಲ್ಲೇ ಬೈಯುತ್ತಿದ್ದಳು. ಅಂಜಿನಮೂರ್ತಿ ದಿನಕ್ಕೊಮ್ಮೆ ಹೊಸ್ತಿಲಾಚೆ ನಿಂತು, "ಅವ್ವಾ, ಹೆಂಗಿದೀಯಾ?" ಎಂದು ಕೇಳಿ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರಿಂದ ಹೊರಟುಹೋಗುತ್ತಿದ್ದ.

ಹೀಗಾಗಿ ಬೊಂಬೆಯ ಜತೆ ಬೆಂಗಳೂರಿಗೆ ಹೋಗುತ್ತಿದ್ದವನು ಅವನೊಬ್ಬನೇ. ವಾಪಸು ಬಂದ ರಾತ್ರಿ ವನಜಾಕ್ಷಿ ಊಟಕ್ಕೆ ಬಡಿಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಮುಖ ನೋಡಿದ್ರಾ?"

"ಅಯ್ಯೋ, ನೋಡ್ದೆ ಇರ್ತಾರಾ? ಜನ ಅಂದ್ರೆ ಜನ. ಮುಂದೆ ನಿಂತ್ಕಂಡು ಫೋಟೋ ಹಿಡ್ಕಂಡಿದ್ದೇ ಹಿಡ್ಕಂಡಿದ್ದು."

ಜನ ನೋಡಿದ್ದನ್ನು ಅವನು ನೋಡಿರಲಿಲ್ಲ. ಬಾಗಿಲು ತೆರೆಯುವ ಮೊದಲು ಕೆಲಸಗಾರರನ್ನೆಲ್ಲ ಹಾಲಿನಿಂದ ಹೊರಗೆ ಕಳಿಸುತ್ತಿದ್ದರು. ಮೇಳ ಮುಗಿಯುವ ತನಕ ಅವನು ಲಾರಿಗಳ ನೆರಳಲ್ಲಿ ಕೂತು ಒಳಗಿನ ಗದ್ದಲ ಕೇಳುತ್ತಿದ್ದ. ಕೊನೆಯ ಸಂಜೆ ಒಳಗೆ ಹೋಗಿ, ಬೊಂಬೆಯ ತಲೆಗೆ ಬಟ್ಟೆ ಎಸೆದು, ಕುತ್ತಿಗೆಯಿಂದ ಕೊಯ್ಯಲು ಶುರು ಮಾಡುತ್ತಿದ್ದ. ಪ್ರಭುದೇವ್ ಕಳಿಸಿದ ಫೋಟೋಗಳಲ್ಲಿ ನೀಲಿ ದೀಪ, ಹೊಗೆ, ಹುಡುಗರ ತಲೆಗಳು, ಎಲ್ಲಕ್ಕಿಂತ ಮೇಲೆ ಕೊಂಬಿನ ಕಿರೀಟ ಇರುತ್ತಿದ್ದವು.

ಈ ವರ್ಷ ಆಷಾಢದಲ್ಲಿ ಹೊನ್ನಕ್ಕ ತೀರಿಕೊಂಡಳು. ತಿಥಿ ಮುಗಿದ ಮೇಲೆ ಅವನೇ ಬಾಯಿಬಿಟ್ಟು, "ಈ ಸಲ ನೀನೇ ಬಂದು ನೋಡು" ಎಂದಿದ್ದ.

*

ಮೇಳ ನಡೆಯುವ ಹಾಲ್ ಬೆಂಗಳೂರಿನಲ್ಲಿ, ತುಮಕೂರು ರಸ್ತೆಯ ಬದಿಯಲ್ಲೇ ಇತ್ತು. ಶನಿವಾರ ಮಧ್ಯಾಹ್ನ ಲಾರಿಯಿಂದ ಇಳಿದ ವನಜಾಕ್ಷಿ ಚಾವಣಿಯನ್ನು ನೋಡುತ್ತಾ, "ನಮ್ಮೂರ ಕೆರೇನ ಇದ್ರೊಳಗೆ ಇಡ್ಬೋದು" ಎಂದಳು. ಅಲ್ಲಲ್ಲಿ ಕೆಲವು ಸ್ಟಾಲುಗಳು ಏಳುತ್ತಿದ್ದವು. ಒಂದರಲ್ಲಿ ಕುರ್ಚಿ, ಒಂದರಲ್ಲಿ ತಂಪು ಪಾನೀಯ, ಇನ್ನೊಂದರಲ್ಲಿ ಮೊಬೈಲ್ ಕವರು. ದೂರದ ಮೂಲೆಯಲ್ಲಿ ಒಂದು ವೇದಿಕೆ ಇತ್ತು. ನಡುವೆಲ್ಲ ಬೂದು ಬಣ್ಣದ ನೆಲಹಾಸು ಹಾಸಿ, ಕುಂಡಗಳನ್ನು ಸಾಲಾಗಿ ಇಟ್ಟಿದ್ದರು.

ಬೊಂಬೆ ಎದ್ದು ನಿಂತಿತು. ತಲೆಯನ್ನು ಏರಿಸಿ ಬೋಲ್ಟು ಬಿಗಿದ ಮೇಲೆ ವನಜಾಕ್ಷಿ ಸುತ್ತ ನೋಡಿದಳು.

"ಕಿರೀಟ ಎಲ್ಲಿ?"

ಅಂಜಿನಮೂರ್ತಿ ಸ್ಪ್ಯಾನರನ್ನು ಒರೆಸುತ್ತಾ ನಿಂತ. "ಶೆಡ್ಡಲ್ಲೇ ಐತೆ."

"ಮರ್ತು ಬಂದ್ರಾ?"

"ಮರ್ತಿದ್ದಲ್ಲ ಕಣೇ. ಕಂಪ್ನಿಯೋರು ಬರ್ತಿಲ್ಲ. ಅವ್ರ ಗುರುತು ಇಡಂಗಿಲ್ಲ ಅಂದ್ರು ಪ್ರಭುದೇವಣ್ಣ. ಇದು ಸುಮ್ನೆ ನಿಲ್ಸಿರೋದು."

"ಸುಮ್ನೆ ಅಂದ್ರೆ?"

"ಜಾಗ ಖಾಲಿ ಕಾಣ್ಬಾರ್ದು ಅಂತ."

ಅವಳು ಕುಂಡಗಳ ಸಾಲನ್ನು ನೋಡಿದಳು, ಬೊಂಬೆಯನ್ನು ನೋಡಿದಳು. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅದ್ಕೇ ಫೋನ್ ಎತ್ಕಂಡು ಆಚೆ ಓಡಿದ್ರಿ" ಎಂದಳು. ಜಗಳದ ದನಿ ಇರಲಿಲ್ಲ. ಬೊಂಬೆಯ ತಲೆ ತೋರಿಸಿ, "ಬರೀ ತಲೇಲಿ ನಿಲ್ಸೋದಾ? ನೆತ್ತಿ ತುಂಬ ಬೋಲ್ಟಿನ ತೂತು. ಹೆಂಗ್ ಕಾಣ್ತದೆ ನೋಡಿ" ಎಂದಳು.

ಹತ್ತಿರದಲ್ಲೇ ಇದ್ದ ಪ್ರಭುದೇವ್ ತಲೆ ಕೆರೆದುಕೊಂಡು, "ಯಾವ್ದಾದ್ರೂ ಬಟ್ಟೆ ಸಿಕ್ರೆ ಮುಚ್ಚಮ್ಮ" ಎಂದ.

ಲಾರಿಯಲ್ಲಿ ಹಗ್ಗ ತಾಗಿ ಮುಖ ತರಚದಿರಲೆಂದು ತಲೆಗೆ ಸುತ್ತಿಕೊಂಡು ಬಂದಿದ್ದ ಕರಿ ಕಂಬಳಿ ನೆಲದ ಮೇಲೆ ಬಿದ್ದಿತ್ತು. ವನಜಾಕ್ಷಿ ಅದನ್ನು ಕೊಡವಿ, ಉದ್ದಕ್ಕೆ ಮಡಿಸಿ, ಒಂದು ತುದಿಯನ್ನು ಒಳಕ್ಕೆ ತಿರುವಿ ಕೊಪ್ಪೆ ಮಾಡಿದಳು. ಏಣಿ ಹತ್ತಿ ಬೊಂಬೆಯ ನೆತ್ತಿಗೆ ಹೊದಿಸಿ, ಕಿವಿಯ ಹತ್ತಿರ ಎರಡು ಮೊಳೆ ಚುಚ್ಚಿದಳು. ಅಂಜಿನಮೂರ್ತಿ ಕೆಳಗೆ ಏಣಿ ಹಿಡಿದುಕೊಂಡಿದ್ದ. ಅಲ್ಲಿಂದ ಅವನಿಗೆ ಅವಳ ಹಿಮ್ಮಡಿ ಮತ್ತು ಬೊಂಬೆಯ ಗದ್ದ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಕಣ್ಣು ತೆರೆಸುವುದನ್ನು ಅವರು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಕಣ್ಣು ತೆರೆದ ಬೊಂಬೆಯ ಎದುರು ಜನ ಇರಬೇಕು ಎನ್ನುವುದು ಅಂಜಿನಮೂರ್ತಿಗೆ ಕೆಲಸ ಕಲಿಸಿದವರ ಮಾತು. ಹಾಗಾಗಿ ಇಷ್ಟು ವರ್ಷ ಮನೆಯಲ್ಲಿ ವನಜಾಕ್ಷಿ ಪೆನ್ಸಿಲಿನಲ್ಲಿ ಗೆರೆ ಹಾಕಿ ಕಳಿಸುತ್ತಿದ್ದಳು. ಮೇಳದ ಬೆಳಗ್ಗೆ ಅವನು ಏಣಿ ಹತ್ತಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ, ಕಪ್ಪು ತುಂಬುತ್ತಿದ್ದ. ಭಾನುವಾರ ಬೆಳಗ್ಗೆ ಕುಂಚ ಹಿಡಿದು ವನಜಾಕ್ಷಿಯೇ ಏರಿದಳು. ಹಾಲಿನೊಳಗೆ ದೀಪ ಹಚ್ಚುವಂತಿರಲಿಲ್ಲ. ಬೊಂಬೆಯ ಪಾದದ ಹತ್ತಿರ ಒಂದು ನಿಂಬೆಹಣ್ಣು ಇಟ್ಟಳು.

ಈ ಸಲ ಅವರನ್ನು ಹೊರಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

*

ಬಾಗಿಲು ತೆರೆದರು. ವನಜಾಕ್ಷಿ ಕುಂಡಗಳ ಪಕ್ಕ, ಯಾರಿಗೂ ಅಡ್ಡವಾಗದ ಹಾಗೆ, ಕೈ ಕಟ್ಟಿ ನಿಂತಳು. ಬಂದವರು ಬಂದಂತೆಲ್ಲ ಅವಳ ಕಣ್ಣು ಅವರ ಕಣ್ಣನ್ನೇ ಹಿಂಬಾಲಿಸುತ್ತಿತ್ತು. ಕೊರಳಿಗೆ ಬಿಲ್ಲೆ ಹಾಕಿಕೊಂಡ ಇಬ್ಬರು ಹುಡುಗರು ಮೊಬೈಲು ನೋಡುತ್ತಾ ದಾಟಿಹೋದರು. ಒಂದು ಸಂಸಾರ ಬಂದು ಉಚಿತ ಬಲೂನು ಎಲ್ಲಿ ಕೊಡುತ್ತಾರೆ ಎಂದು ಅವಳನ್ನೇ ಕೇಳಿತು. ಮೊದಲು ಮೂರು ದಿನ ನಡೆಯುತ್ತಿದ್ದ ಮೇಳ ಈಗ ಭಾನುವಾರ ಒಂದಕ್ಕೇ ಮುಗಿಯುತ್ತಿತ್ತು. ದೂರದ ವೇದಿಕೆಯಲ್ಲಿ ಪಂದ್ಯ ನಡೆಸುತ್ತಿದ್ದವನು ಮೈಕಿನಲ್ಲಿ ಕೂಗುತ್ತಿದ್ದ. ಎದುರಿನ ಕುರ್ಚಿಗಳಲ್ಲಿ ಅರ್ಧಕ್ಕೂ ಜನ ಇರಲಿಲ್ಲ.

ಬೊಂಬೆಯ ಪೀಠದಲ್ಲಿ ಒಂದು ಪ್ಲಗ್ ಪಾಯಿಂಟ್ ಇತ್ತು. ಹೊತ್ತೇರುತ್ತಿದ್ದಂತೆ ನಾಲ್ಕೈದು ಮಂದಿ ಅಲ್ಲಿ ಬಂದು, ಫೋನು ಚಾರ್ಜಿಗೆ ಹಾಕಿ, ಬೊಂಬೆಗೆ ಬೆನ್ನು ಕೊಟ್ಟು ಕೂತರು. ಒಬ್ಬಳು ನಿಂಬೆಹಣ್ಣನ್ನು ಕಾಲಿನಿಂದ ಅತ್ತ ಸರಿಸಿದಳು.

"ಜನ ಬಂದವ್ರಲ್ಲ" ಎಂದ ಅಂಜಿನಮೂರ್ತಿ.

"ಚಾರ್ಜರಿಗೆ ಬಂದವ್ರೆ" ಎಂದಳು ವನಜಾಕ್ಷಿ. ಸ್ವಲ್ಪ ತಡೆದು, "ಮುಂಚೆ ಜನ ಹೆಂಗ್ ನಿಲ್ತಿದ್ರು, ತೋರ್ಸಿ. ಎಲ್ಲಿವರ್ಗೂ ಇರೋರು?" ಎಂದು ಕೇಳಿದಳು.

ಅವನು ಕೈ ಎತ್ತಿ ವೇದಿಕೆಯ ಕಡೆಗೆ ಸುಮ್ಮನೆ ಬೀಸಿದ. "ಅಲ್ಲಿವರ್ಗೂ." ಆಮೇಲೆ ಅವಳ ಮುಖ ನೋಡಲಾರದೆ, "ತಿನ್ನಕ್ಕೆ ಏನಾದ್ರೂ ಸಿಕ್ತದಾ ನೋಡ್ತೀನಿ" ಎಂದು ಹೊರಟ.

ಅವನು ಅತ್ತ ಹೋದ ಮೇಲೆ ಒಬ್ಬ ಯುವಕ ಬೊಂಬೆಯ ಮುಂದೆ ಬಂದು ನಿಂತ. ಬೆನ್ನಿಗೆ ಚೀಲ, ಮೈಮೇಲೆ ಹಿಂದಿನ ಯಾವುದೋ ವರ್ಷದ ಮೇಳದ ಮಾಸಿದ ಟೀ ಶರ್ಟು. ಅವನು ತಲೆಯೆತ್ತಿ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದ. ಆಮೇಲೆ ತನ್ನಷ್ಟಕ್ಕೆ ನಕ್ಕ.

"ಸೊಟ್ಟಬಾಯಿ!"

ವನಜಾಕ್ಷಿ ಹತ್ತಿರ ಬಂದಳು. "ಏನಂದೆಪ್ಪ?"

"ಇಲ್ಲೇ ಕೆಲ್ಸ ಮಾಡೋರಾ ಅಕ್ಕಾ? ಇದು ಈ ಸಲನೂ ಬರುತ್ತೆ ಅಂದ್ಕಂಡಿರ್ಲಿಲ್ಲ." ಅವನ ಹೆಸರು ಚೇತನ್ ಕುಮಾರ್, ಊರು ಮಧುಗಿರಿ. ಬೆಂಗಳೂರಿನಲ್ಲಿ ಕೊರಿಯರ್ ಆಫೀಸಿನಲ್ಲಿದ್ದ. "ಪ್ರತಿ ವರ್ಷ ಗೇಮು ಬೇರೆ, ಬೊಂಬೆ ಬೇರೆ. ಆದ್ರೆ ಬಾಯಿ ಮಾತ್ರ ಹಿಂಗೇ, ಎಡಕ್ಕೆ. ಗೇಮೊಳಗೆ ಈ ನಗು ಇರ್ತಿರ್ಲಿಲ್ಲ ಗೊತ್ತಾ? ಬೊಂಬೆಗೆ ಮಾತ್ರ. ನಮ್ಮನ್ನ ಏನೋ ಬೈತಾವ್ಳೆ ಅನ್ಸೋದು. ನಾವೆಲ್ಲ ಕಾಲೇಜಿಂದ ಒಂದೇ ಬಸ್ಸಲ್ಲಿ ಬರ್ತಿದ್ವಿ. ಬಂದ ತಕ್ಷಣ ಮೊದ್ಲು ಸೊಟ್ಟಬಾಯಿ ಹತ್ರ ಹಾಜರಿ ಹಾಕೋದು."

"ಈಗ ಅವ್ರೆಲ್ಲ?"

"ಯಾರೂ ಬರಲ್ಲ ಅಕ್ಕಾ. ಮುಂಚೆ ಇಲ್ಲಿಗೆ ಬಂದ್ರೆ ಮಾತ್ರ ಹೊಸ ಗೇಮು ಎಲ್ರಿಗಿಂತ ಮೊದ್ಲು ಆಡಕ್ಕೆ ಸಿಗೋದು. ಕ್ಯೂನಲ್ಲಿ ನಿಂತು ನಿಂತು ಕಾಲು ಬಿದ್ದೋಗೋದು. ಈಗ ಎಲ್ಲಾ ಮನೇಲೇ ಬರುತ್ತೆ. ನಂಗೂ ಬೇಕಾಗಿರ್ಲಿಲ್ಲ. ಸುಮ್ನೆ ಬಂದೆ." ಅವನು ಮತ್ತೆ ಮೇಲೆ ನೋಡಿದ. "ಈ ಸಲ ಏನು, ಕಂಬಳಿ ಹೊದ್ದವ್ಳೆ? ಯಾವ್ ಗೇಮಿಂದು ಇದು?"

"ಯಾವ್ದೂ ಅಲ್ಲ" ಎಂದಳು ವನಜಾಕ್ಷಿ. "ಮುಖ ನಾನೇ ಮಾಡೋದು" ಎಂದು ಸೇರಿಸಿದಳು.

ಚೇತನ್ ಕುಮಾರ್ ಅವಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣ ಇನ್ನೂ ಇತ್ತು. "ಎಲ್ಲಾ ವರ್ಷದ್ದೂನಾ?"

"ಹ್ಞೂ."

"ಅಯ್ಯೋ, ನಿಮ್ಮೆದ್ರಿಗೇ ಸೊಟ್ಟಬಾಯಿ ಅಂದ್ಬುಟ್ಟೆ."

"ಸೊಟ್ಟ ಇದ್ದಿದ್ದು ದಿಟ ಕಣಪ್ಪ."

ಇಬ್ಬರೂ ನಕ್ಕರು. ಅವನು ಬೊಂಬೆಯ ಮುಂದೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದ. ತೆಗೆದದ್ದನ್ನು ಅಲ್ಲಿಂದಲೇ ಯಾರ್‍ಯಾರಿಗೋ ಕಳಿಸಿ, ಉತ್ತರಕ್ಕೆ ಕಾಯುತ್ತಾ ಪರದೆಯನ್ನು ನೋಡುತ್ತಾ ನಿಂತ. ಉತ್ತರ ಬರಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡ.

ಅಷ್ಟು ಹೊತ್ತಿಗೆ ಅಂಜಿನಮೂರ್ತಿ ಎದುರು ತುದಿಯ ಬಾಗಿಲಿನಿಂದ ಒಳಗೆ ಬಂದ. ಕೈಯಲ್ಲಿ ಎರಡು ಪೊಟ್ಟಣ ಚಿತ್ರಾನ್ನ. ಬಾಗಿಲಿನಿಂದ ಬೊಂಬೆಯ ತನಕ ನಡುವೆ ಏನೂ ಇರಲಿಲ್ಲ. ಜನ ಇರಲಿಲ್ಲ, ಬಣ್ಣದ ದೀಪ ಇರಲಿಲ್ಲ, ಹೊಗೆ ಇರಲಿಲ್ಲ. ಚಾವಣಿಯ ಬಿಳಿ ಬೆಳಕು ನೆಟ್ಟಗೆ ಬೀಳುತ್ತಿತ್ತು. ಮೊದಲು ಅವನಿಗೆ ಕಂಬಳಿ ಕೊಪ್ಪೆ ಕಂಡಿತು. ಅದರೊಳಗಿನಿಂದ ಅವನ ತಾಯಿ ಅವನನ್ನು ನೋಡುತ್ತಿದ್ದಳು.

ಅವನು ಅಲ್ಲೇ ನಿಂತ. ಬದಿಯಿಂದ ಹಾದುಹೋದ ಯಾರೋ ಅವನ ಭುಜಕ್ಕೆ ತಾಗಿ "ಸಾರಿ" ಎಂದರು.

*

ಅವನು ಹತ್ತಿರ ಬಂದಾಗ ಚೇತನ್ ಕುಮಾರ್ ಹೊರಟುಹೋಗಿದ್ದ. ವನಜಾಕ್ಷಿಯ ಮುಖದಲ್ಲಿ ಇನ್ನೂ ನಗು ಉಳಿದಿತ್ತು.

"ಒಬ್ಬ ಹುಡ್ಗ ಬಂದಿದ್ದ, ಮಧುಗಿರಿಯೋನು. ನೀವು ಹೇಳ್ತಿದ್ದಿದ್ದು ನಿಜ ಕಣ್ರೀ, ನೋಡ್ತಿದ್ರಂತೆ. ಮುಖಾನೇ ನೋಡ್ತಿದ್ರಂತೆ." ಅವಳು ಪೊಟ್ಟಣ ತೆಗೆದುಕೊಂಡಳು. "ಏನ್ರೀ, ಯಾಕಿಂಗ್ ಬೆವೆತಿದೀರ?"

"ಅವ್ವ" ಎಂದ ಅಂಜಿನಮೂರ್ತಿ.

ವನಜಾಕ್ಷಿ ಬೊಂಬೆಯ ಕಡೆ ತಿರುಗಿ ನೋಡಲಿಲ್ಲ. "ಈಗ ಕಾಣ್ತಾ?"

"ಈ ಸಲ ಮಾಡಿದ್ದಾ?"

"ಎಲ್ಲಾ ಸಲನೂ." ಅವಳು ಪೊಟ್ಟಣದ ದಾರ ಬಿಚ್ಚಲು ಹೋಗಿ ನಿಲ್ಲಿಸಿದಳು. "ಬೇಕು ಅಂತ ಮಾಡಿದ್ದಲ್ಲ. ಕಂಪ್ನಿ ಚಿತ್ರ ಮುಂದೆ ಇಟ್ಕಂಡೇ ಕೂರ್ತಿದ್ದೆ. ಕೈ ಮಾತ್ರ ಅತ್ಲಾಗೇ ಹೋಗೋದು. ಬೆಳಗಾದ್ರೆ ಬೈಗಾದ್ರೆ ನನ್ ಕಣ್ಮುಂದೆ ಇದ್ದಿದ್ದು ಅದೊಂದೇ ಮುಖ. ಕಂಪ್ನಿಯೋರು ಬಾಯಿ ಚೆನ್ನಾಗೈತೆ ಅಂದ್ರು ಅಂತ ನೀವೇ ಬಂದು ಹೇಳಿದ್ರಿ. ಸುಮ್ನಾದೆ."

"ನಂಗೆ ಗೊತ್ತಾಗ್ಲಿಲ್ಲ."

"ನೀವು ಅವ್ರ ರೂಮೊಳಗ್ ಬತ್ತಿರ್ಲಿಲ್ವಲ್ಲ" ಎಂದಳು ಅವಳು. ನೆಲದ ಮೇಲೆ ಕೂತು ಅವನಿಗೊಂದು ಪೊಟ್ಟಣ ಕೊಟ್ಟಳು. ಫೋನು ಚಾರ್ಜಿಗೆ ಹಾಕಿದವರ ಪಕ್ಕದಲ್ಲಿ ಇಬ್ಬರೂ ಉಂಡರು. ಅಂಜಿನಮೂರ್ತಿ ಬೊಂಬೆಗೆ ಬೆನ್ನು ಹಾಕಿ ಕೂರಲಿಲ್ಲ.

ಸಂಜೆ ಮೈಕು ನಿಂತಿತು. ಕುಂಡದ ಗಾಡಿಯವರು ಮೊದಲು ಬಂದು ಕುಂಡಗಳನ್ನು ಎತ್ತಿಕೊಂಡು ಹೋದರು. ಕತ್ತಲಾಗುವ ಮೊದಲು ಹಾಲ್ ಬರಿದಾಗಬೇಕು, ಏನೂ ಉಳಿಯಬಾರದು, ಕಸದ ಲಾರಿ ಹಿಂಬಾಗಿಲಲ್ಲಿ ನಿಂತಿದೆ ಎಂದು ಪ್ರಭುದೇವ್ ಬಂದು ಹೇಳಿದ. "ಮುಂದಿನ ವರ್ಷ ಇದೂ ಇರಕ್ಕಿಲ್ಲ ಅನ್ಸುತ್ತೆ ಮೂರ್ತಿ. ಮದ್ವೆ ಕೆಲ್ಸ ಏನಾದ್ರೂ ಬಂದ್ರೆ ಫೋನ್ ಮಾಡ್ತೀನಿ" ಎಂದು ಸೇರಿಸಿದ.

ಗರಗಸ ಹಿಡಿದ ಅಂಜಿನಮೂರ್ತಿ ಕುತ್ತಿಗೆಯ ಹತ್ತಿರ ಏಣಿ ಇಟ್ಟ. ಹತ್ತಲಿಲ್ಲ.

"ತಲೆ ಒಂದ್ನಾದ್ರೂ ಮನೆಗೆ ತಗಂಡೋಗನ" ಎಂದ. "ಪ್ರಭುದೇವಣ್ಣನ್ನ ಕೇಳಿದ್ರೆ ಗಾಡಿ ಕೊಡ್ತಾರೆ."

"ಎಲ್ಲಿ ಇಡ್ತೀರಿ?"

"ಅವ್ವ ಮಲಗ್ತಿದ್ದ ರೂಮಲ್ಲಿ."

ಹಿಂಬಾಗಿಲಲ್ಲಿ ಯಾರೋ ಹಲಗೆಗಳನ್ನು ಲಾರಿಗೆ ಎಸೆಯುವ ಸದ್ದು ಬರುತ್ತಿತ್ತು.

"ಬ್ಯಾಡ" ಎಂದಳು ವನಜಾಕ್ಷಿ. "ನೀವು ಇವತ್ತು ನೋಡಿದ್ರಿ. ನಾನು ದಿನಾ ನೋಡಿದೀನಿ. ಮತ್ತೆ ಆ ಬಾಗ್ಲು ತೆಗ್ದಿಟ್ಕಂಡು ಕೆಲ್ಸ ಮಾಡಕ್ಕೆ ಆಗಲ್ಲ ನಂಗೆ."

ಅವನು ಏಣಿಗೆ ಕಾಲಿಟ್ಟ.

"ಕಣ್ ತೆಗೆದಿರೋಂಗೇ ಕುಯ್ಬ್ಯಾಡಿ. ತಡೀರಿ."

ಬಿಳಿ ಬಣ್ಣದ ಡಬ್ಬ ಹಿಡಿದು ಅವಳು ಏಣಿ ಹತ್ತಿದಳು. ಮೊದಲು ಬಲಗಣ್ಣಿಗೆ ಬಳಿದಳು, ಆಮೇಲೆ ಎಡಗಣ್ಣಿಗೆ. ಎಡಗಣ್ಣಿನ ಕಪ್ಪು ಬಿಳಿಯೊಳಗಿಂದ ಮತ್ತೆ ಮಸುಕಾಗಿ ಮೂಡಿತು. ಇನ್ನೊಂದು ಸಲ ಬಳಿದಳು. ಹೊನ್ನಕ್ಕ ತೀರಿಕೊಂಡ ಬೆಳಗ್ಗೆಯೂ ಎಡ ರೆಪ್ಪೆ ಮುಚ್ಚಿರಲಿಲ್ಲ. ನೆರೆಯವರು ಬರುವ ತನಕ ವನಜಾಕ್ಷಿ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಈಗಲೂ ಹಸಿ ಬಣ್ಣದ ಮೇಲೆ ಅಂಗೈ ಇಟ್ಟಳು. ಕೆಳಗೆ ಏಣಿ ಹಿಡಿದು ನಿಂತವನು ಕಾದ. ಆಮೇಲೆ ಅವಳು ಮೊಳೆ ಕಿತ್ತು, ಕಂಬಳಿಯನ್ನು ಎಳೆದುಕೊಂಡು ಇಳಿದಳು.

ಬೊಂಬೆ ಕಸದ ಲಾರಿ ಸೇರಿದ ಮೇಲೆ ತುಮಕೂರು ರಸ್ತೆಯಲ್ಲಿ ಬಸ್ಸು ಸಿಕ್ಕಾಗ ಇನ್ನೂ ಸ್ವಲ್ಪ ಬೆಳಕಿತ್ತು. ಕಿಟಕಿಯ ಪಕ್ಕ ಕೂತ ಅಂಜಿನಮೂರ್ತಿ ಕಂಬಳಿಯನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡ. ಅದರ ಕರಿ ಉಣ್ಣೆಯ ಮೇಲೆ ಐದು ಬೆರಳು ಬಿಳಿಯಾಗಿ ಮೂಡಿದ್ದವು.

"ಅಯ್ಯೋ, ಕೈ ಒರೆಸ್ಕಳದು ಮರ್ತೆ" ಎಂದಳು ವನಜಾಕ್ಷಿ. "ಮನೆಗೋಗಿ ಸೀಮೆಎಣ್ಣೆ ಹಾಕಿ ಉಜ್ಜಿದ್ರೆ ಹೋಗ್ತದೆ." ಹಾಗೆಂದವಳು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು.

ಅವನು ಕಂಬಳಿಯನ್ನು ಮಡಿಸಿದ, ಗುರುತು ಒಳಗೆ ಹೋಗದ ಹಾಗೆ. ಕಿಟಕಿಯ ಗಾಜನ್ನು ಪೂರ್ತಿ ಸರಿಸಿ, ಬಣ್ಣಕ್ಕೆ ಏನೂ ತಾಗದಂತೆ ಎರಡೂ ಅಂಚು ಹಿಡಿದು, ಒಣಗಲೆಂದು ಗಾಳಿಗೆ ಒಡ್ಡಿ ಕೂತ.